ಬಂಗ್ಲೆ ಆಟದ ಸಂಘಪಾಲ

ಎರಡು ಸಾವಿರದ ಆರನೇ ಇಸವಿಯ ಮಾತು. ವಾಡಿಯ ಸಿಮೆಂಟ್ ಕಾರ್ಖಾನೆಯ ಫಿಟ್ಟರನೊಬ್ಬ ಹೈದರಾಬಾದಿನಿಂದ ವಿಡಿಯೋ ಗೇಮಿನ ಹೊಸ ಡಿಸ್ಕು ತಂದು ಸಂಘಪಾಲನ ಮುಂದಿಟ್ಟ. ಸಂಘಪಾಲ ಆಗ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಚಾರ್ಜ್ ಅಂಗಡಿ ಹಾಕಿಕೊಂಡಿದ್ದ. "ಸಂಘು ಅಣ್ಣ, ಬಂಗ್ಲೆ ಆಟದ ನಾಕನೇದು ಬಂದದ. ಇದರಾಗ ಗುಂಡು ಬೇಕಾದಷ್ಟು ಸಿಗ್ತಾವ. ಮೊದಲ ನೀನೇ ಆಡಬೇಕು," ಎಂದ ಫಿಟ್ಟರ. ಸಂಘಪಾಲ ಡಿಸ್ಕಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಒಯ್ಯಪ್ಪ, ಇದನ್ನ ನನ್ನ ಮುಂದ ಇಡಬ್ಯಾಡ," ಎಂದವನು ಯಾರದೋ ಫೋನಿನ ನಂಬರು ಒತ್ತುತ್ತ ಕೂತ.

ಫಿಟ್ಟರ ಹೋಗಿ ಚಹಾದಂಗಡಿಯಲ್ಲಿ ಹೇಳಿದ, ಚಹಾದಂಗಡಿ ಊರಿಗೆ ಹೇಳಿತು: ಸಂಘಪಾಲನಿಗೆ ಸೊಕ್ಕು ಬಂದಿದೆ. ಊರ ಬಾಯಿಗೆ ಬೀಗ ಹಾಕುವವರು ಯಾರು? ಒಂದು ಕಾಲಕ್ಕೆ ಆ ಆಟವನ್ನು ವಾಡಿಗೆ ಕಲಿಸಿದವನೇ ಅವನು. ಅದರ ಮೂಲೆಮೂಲೆಯನ್ನೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದವನು. ಈಗ ಮುಟ್ಟಲೂ ಒಲ್ಲ ಎಂದರೆ ಸೊಕ್ಕಲ್ಲದೆ ಮತ್ತೇನು ಎನ್ನುವುದು ಊರಿನ ಲೆಕ್ಕ. ಸುಡುಗಾಡು ಲೆಕ್ಕ ಅದು. ಆ ಆಟ ಕಲಿಸಿದ ಬುದ್ಧಿಯಿಂದ ಅವನು ತನ್ನ ಅವ್ವನ ಜೀವವನ್ನು ಕೈಯಾರೆ ಕಳೆದುಕೊಂಡ. ಊರಿಗೆ ಅದು ಗೊತ್ತಿಲ್ಲ, ಗೊತ್ತಿದ್ದವರು ಮರೆತಿದ್ದಾರೆ.

ಸಂಘಪಾಲನ ಅಪ್ಪ ಜಗದೇವಪ್ಪ ಶಹಾಬಾದಿನ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವ ಆಳು. ಊರೂರಿನ ಮನೆಗಳ ನೆಲಕ್ಕೆ ಕಲ್ಲು ಕೊಟ್ಟವನ ಸ್ವಂತ ಮನೆಯ ನೆಲ ಮಣ್ಣಿನದೇ ಇತ್ತು. ಕಲ್ಲಿನ ಧೂಳು ಎದೆಯಲ್ಲಿ ಕೂತು ಕೂತು ಅವನು ತೀರಿಕೊಂಡಾಗ ಸಂಘಪಾಲ ಇನ್ನೂ ಸಾಲೆಯಲ್ಲಿದ್ದ. ಆಮೇಲೆ ಅವ್ವ ಅನಸೂಬಾಯಿ ಮಗನನ್ನು ಕಟ್ಟಿಕೊಂಡು ವಾಡಿಗೆ ಬಂದಳು. ರೈಲ್ವೆ ಕ್ವಾರ್ಟರ್ಸುಗಳಲ್ಲಿ ಕಸಮುಸುರೆ ಮಾಡಿದಳು, ಸ್ಟೇಷನ್ನಿನ ಹೊರಗೆ ಕುದಿಸಿದ ಶೇಂಗಾ ಮಾರಿದಳು, ಮಗನನ್ನು ಹತ್ತನೇ ಇಯತ್ತೆಯವರೆಗೆ ಓದಿಸಿದಳು.

ಅನಸೂಬಾಯಿ ಯಾವುದನ್ನೂ ಪೂರ್ತಿ ಖರ್ಚು ಮಾಡಿದವಳಲ್ಲ. ಬೆಲ್ಲದ ಅಚ್ಚಿನಲ್ಲಿ ಅರ್ಧ ಒಡೆದು ಅರ್ಧ ಅರಿವೆಯಲ್ಲಿ ಕಟ್ಟಿಡುವಳು. ಸೋಪು ಸವೆದು ಉಗುರಿನಷ್ಟಾದರೂ ಹೊಸ ಸೋಪಿಗೆ ಅಂಟಿಸುವಳು. "ಹನಿಗೂಡಿದ್ರ ಹಳ್ಳ, ತೆನೆಗೂಡಿದ್ರ ಬಳ್ಳ ಮಗಾ," ಎಂದು ದಿನಕ್ಕೊಮ್ಮೆಯಾದರೂ ಅನ್ನುವಳು. ಒಮ್ಮೆ ಅಂಬೇಡ್ಕರ್ ಜಯಂತಿಗೆ ಮಗ ತಂದುಕೊಟ್ಟ ನೀಲಿ ಸೀರೆಯನ್ನು, ಒಳ್ಳೆ ದಿನ ಬಂದಾಗ ಉಡುತ್ತೇನೆ ಎಂದು ಟ್ರಂಕಿನಲ್ಲಿಟ್ಟಳು. ವರ್ಷಗಳಾದ ಮೇಲೆ ತೆಗೆದು ನೋಡಿದರೆ ಸೀರೆ ಮಡಿಕೆ ಮಡಿಕೆಗೂ ಹರಿದಿತ್ತು. ಅದಕ್ಕೂ ಅವಳು ಅಳಲಿಲ್ಲ, ತುಂಡುಗಳನ್ನು ಕೌದಿಗೆ ಹಚ್ಚಿದಳು.

ಸಂಘಪಾಲನಿಗೆ ವಿಡಿಯೋ ಗೇಮಿನ ಅಂಗಡಿ ಹಾಕಿಸಿದವನು ಬಷೀರಾ, ಅವನ ಸಾಲೆಯ ದೋಸ್ತ. ಟೀವಿ ರಿಪೇರಿ ಮಾಡುವವನು. ಸಾಮಾನಿಗೆಂದು ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಹೈದರಾಬಾದಿಗೆ ಹೋಗುವ ಪ್ಯಾಸೆಂಜರ್ ಗಾಡಿ ಅವನಿಗೆ ಮನೆಯಿದ್ದ ಹಾಗೆ. ತೊಂಬತ್ತೆಂಟರ ಬೇಸಿಗೆಯಲ್ಲಿ ಅವನು ಆ ಗಾಡಿಯಲ್ಲಿ ಒಂದು ಬೂದುಬಣ್ಣದ ಪ್ಲೇಸ್ಟೇಷನ್ನನ್ನು ರಜಾಯಿಯಲ್ಲಿ ಸುತ್ತಿಕೊಂಡು ಬಂದ. ಅನಸೂಬಾಯಿಯ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಹಳೆ ಟೀವಿ ಇಟ್ಟು, ಬೆಂಚು ಹಾಕಿದರು. ಗಂಡುಗಲಿಗಳೆಲ್ಲ ಬಂದರು. ಕಾರು ಓಡಿಸುವವರು, ಫುಟ್‌ಬಾಲು ಒದೆಯುವವರು, ಒಬ್ಬರನ್ನೊಬ್ಬರು ಗುದ್ದಾಡುವವರು.

ಬಂಗ್ಲೆ ಆಟ ಬಂದದ್ದು ಆಮೇಲೆ. ಅದಕ್ಕೆ ಜಪಾನಿನಲ್ಲಿ ಒಂದು ಹೆಸರು, ಹೊರಗಿನ ದೇಶಗಳಲ್ಲಿ ಇನ್ನೊಂದು. ಬಷೀರಾ ತಂದ ಕದ್ದ ಸೀಡಿಯ ಮೇಲೆ ಎರಡೂ ಇರಲಿಲ್ಲ, ಹಾಗಾಗಿ ವಾಡಿ ತಾನೇ ಹೆಸರಿಟ್ಟಿತು. ಪೊಲೀಸರ ಒಂದು ತುಕಡಿ ಕಾಡಿನಲ್ಲಿ ನಾಯಿಗಳಿಂದ ತಪ್ಪಿಸಿಕೊಂಡು ಹಳೆ ಬಂಗ್ಲೆಯೊಳಗೆ ನುಗ್ಗುತ್ತದೆ. ಒಳಗೆ ಸತ್ತವರು ನಡೆದಾಡುತ್ತಾರೆ. ಮೊದಲ ಸಲ ಮೂಲೆಯಲ್ಲಿ ಕೂತು ಏನನ್ನೋ ತಿನ್ನುತ್ತಿದ್ದ ಹೆಣ ಮೆಲ್ಲಗೆ ಕತ್ತು ಹೊರಳಿಸಿ ನೋಡಿದಾಗ, ರೈಲ್ವೆ ಪಾಯಿಂಟ್ಸ್‌ಮನ್ ಗುರುಲಿಂಗಯ್ಯ ಕೈಯಲ್ಲಿದ್ದ ರಿಮೋಟು ಬಿಟ್ಟು ಎದ್ದು ನಿಂತಿದ್ದ. ಗುರುಲಿಂಗಯ್ಯ ನಡುವಯಸ್ಸಿನವನು, ಹಣೆಗೆ ವಿಭೂತಿ, ದಪ್ಪ ಮೀಸೆ, ಗೂಡ್ಸು ಗಾಡಿಗಳ ಸಂದಿಯಲ್ಲಿ ದಿನವೂ ನುಗ್ಗಿ ಹೊರಬರುವ ಧೈರ್ಯವಂತ. ಟೀವಿಯೊಳಗಿನ ಹೆಣಕ್ಕೆ ಬೆವೆತುಬಿಟ್ಟ.

"ಇಂಥಾದ್ದು ಹ್ಯಾಂಗ ಹೊಳೀತೋ ಅವರಿಗೆ?" ಎಂದು ಸಂಘಪಾಲ ಬಷೀರಾನನ್ನು ಕೇಳಿದ. ಬಷೀರಾ ಯಾವುದೋ ಹಳೆ ಪತ್ರಿಕೆಯಲ್ಲಿ ಓದಿಕೊಂಡಿದ್ದ. ಬೆಸುಗೆ ಕಡ್ಡಿ ಕೆಳಗಿಟ್ಟು ಹೇಳಿದ:

"ಒಸಾಕಾದಾಗ ಒಂದು ಕಂಪನಿ ಅದ. ಅವರು ಭಾಳ ವರ್ಷದ ಹಿಂದ ಸಣ್ಣ ಮಷೀನಿಗೆ ಒಂದು ಭೂತದ ಬಂಗ್ಲೆ ಆಟ ಮಾಡಿದ್ರಂತ. ಹೊಸಾ ಮಷೀನ ಬಂದ ಮ್ಯಾಲ ದೊಡ್ಡ ಸಾಹೇಬ ಸಣ್ಣ ಸಾಹೇಬಗ ಅಂದ, ಅದನ್ನೇ ಮತ್ತೊಮ್ಮೆ ಛಲೋ ಮಾಡು ಅಂತ. ಮಾಡಲಾಕ ಹೋದ್ರ ಈ ಮಷೀನಿಗೆ ಇಡೀ ಬಂಗ್ಲೆ ಒಮ್ಮಿಗೇ ತೋರಿಸೋ ತಾಕತ್ತಿಲ್ಲ. ಅದಕ್ಕ ಗೋಡಿ ಎಲ್ಲಾ ಬರೇ ಚಿತ್ರ ಮಾಡಿ ನಿಲ್ಲಿಸ್ಯಾರ. ಒಂದು ಮೂಲ್ಯಾಗಿಂದಷ್ಟೇ ಕಾಣಸ್ತದ, ಆ ಕಡೀ ಏನದ ಗೊತ್ತಾಗಂಗಿಲ್ಲ, ಬರೇ ಕಾಲಸಪ್ಪಳ ಕೇಳಸ್ತದ. ಬಾಗಿಲಾ ತಡಾ ಮಾಡಿ ತೆರಿತದಲ್ಲ, ಅದೂ ಅಷ್ಟೇ. ಒಳಗಿನ ಖೋಲಿ ತಯಾರಾಗೋತನಕ ಮಷೀನಿಗೆ ಟೈಮ್ ಬೇಕು."

"ಅಂದ್ರ ಅವರ ಹತ್ರ ಇಲ್ಲದ್ದೇ ನಮಗ ಅಂಜಿಕಿ ಹಚ್ಚೇದ," ಎಂದ ಸಂಘಪಾಲ. ಅವನಿಗೆ ಅದು ಭಾಳ ಹಿಡಿಸಿತು. ಬಡತನದಿಂದ ಹುಟ್ಟಿದ ಆಟ ಅನ್ನಿಸಿತು.

ಆಟದ ಹುಚ್ಚೂ ಅಲ್ಲೇ ಇತ್ತು. ಬೇರೆ ಆಟದಲ್ಲಿ ಗುಂಡು ಹಾರಿಸುತ್ತಲೇ ಇರಬಹುದು, ಇಲ್ಲಿ ಕಿಸೆ ಸಣ್ಣದು, ಗುಂಡು ಎಣಿಸಿದಷ್ಟು. ಗಾಯಕ್ಕೆ ಹಸಿರು ತಪ್ಪಲು, ಅಂದರೆ ಔಷಧದ ಸೊಪ್ಪು, ಉಂಟು, ಕುಂಡದಲ್ಲಿ ಅಲ್ಲೊಂದು ಇಲ್ಲೊಂದು, ಕಿತ್ತ ಮೇಲೆ ಮತ್ತೆ ಬೆಳೆಯುವುದಿಲ್ಲ. ಆಟ ಎಲ್ಲಿಗೆ ಬಂತೆಂದು ಗುರುತಿಟ್ಟುಕೊಳ್ಳಲು ಬಂಗ್ಲೆಯೊಳಗಿನ ಟೈಪ್‌ರೈಟರಿನ ಮುಂದೆ ನಿಲ್ಲಬೇಕು, ಅದರ ರಿಬ್ಬನ್ನಿಗೂ ಬರ. ಎದುರಿಗೆ ಬಂದ ಹೆಣವನ್ನು ಹೊಡೆಯಬೇಕೋ, ಪಕ್ಕಕ್ಕೆ ಸರಿದು ಓಡಬೇಕೋ ಎನ್ನುವುದೇ ಇಡೀ ಆಟ. ಸಂಬಳ ಬಂದ ವಾರದಲ್ಲೇ ತಿಂಗಳ ಕೊನೆಯನ್ನು ನೆನೆದು ಬೆಚ್ಚುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದಕ್ಕೇ ವಾಡಿಯ ಕ್ವಾರ್ಟರ್ಸು ಆ ತಗಡಿನ ಶೆಡ್ಡಿಗೆ ಮುಗಿಬಿತ್ತು.

ಅಲ್ಲಿ ಒಂದು ವಿಚಿತ್ರ ರಿವಾಜು ಬೆಳೆಯಿತು. ಆ ಗುರುತನ್ನು ಉಳಿಸಿಡಲು ಅಂಗಡಿಗೆ ಇದ್ದದ್ದು ಒಂದೇ ಮೆಮೊರಿ ಕಾರ್ಡು. ಅದರ ಜಾಗವನ್ನೆಲ್ಲ ಫುಟ್‌ಬಾಲು, ಕಾರು ರೇಸಿನವರು ಹಿಡಿದಿದ್ದರು. ಬಂಗ್ಲೆ ಆಟಕ್ಕೆ ಉಳಿದದ್ದು ಒಂದು ಖಾನೆ. ಆದ್ದರಿಂದ ಒಬ್ಬನು ಬಿಟ್ಟಲ್ಲಿಂದ ಇನ್ನೊಬ್ಬ ಆಡಬೇಕು, ಇಡೀ ಓಣಿಗೆ ಒಂದೇ ಬಂಗ್ಲೆ, ಒಂದೇ ಜೀವ, ಒಂದೇ ಕಿಸೆ. ಒಂದು ದಿನ ಗುರುಲಿಂಗಯ್ಯ ಡ್ಯೂಟಿ ಮುಗಿಸಿ ಬಂದು, ನೆಲಕ್ಕೆ ಬಿದ್ದ ಹೆಣಕ್ಕೂ ಸಿಟ್ಟಿನಿಂದ ಗುಂಡು ಸುರಿದು ಮನೆಗೆ ಹೋದ. ಅವನ ಹಿಂದೆ ಕೂತವನಿಗೆ ಅಟ್ಟದಲ್ಲಿ ಹೆಬ್ಬಾವಿನಂಥ ಹಾವು ಎದುರಾಯಿತು, ಕೈಯಲ್ಲಿ ಚಾಕು ಬಿಟ್ಟರೆ ಏನೂ ಇಲ್ಲ. ಶೆಡ್ಡಿನಲ್ಲಿ ದೊಡ್ಡ ರಾದ್ಧಾಂತವಾಯಿತು.

ಆವತ್ತು ಸಂಘಪಾಲ ಕಾಯಿದೆ ಮಾಡಿದ. ಗುಂಡು ಉಳಿಸಬೇಕು, ತಪ್ಪಲು ಉಳಿಸಬೇಕು, ಅರ್ಧ ಸತ್ತರೂ ಸರಿ, ಕುಂಟುತ್ತ ನಡೆಯಬೇಕು, ಸಿಕ್ಕದ್ದನ್ನು ತಂದು ಬಂಗ್ಲೆಯೊಳಗಿನ ಪೆಟ್ಟಿಗೆಗೆ ಹಾಕಬೇಕು. ತಪ್ಪಿದವನಿಗೆ ವಾರದ ಬಹಿಷ್ಕಾರ. "ಜುಗ್ಗ ಸೂಳಿಮಗ," ಎಂದು ಬೈದರೂ ಜನ ಒಪ್ಪಿದರು. ಹಿತ್ತಲ ಬಾಗಿಲಲ್ಲಿ ಮೆಂತ್ಯೆ ಸೋಸುತ್ತ ಕೂತು ಟೀವಿ ನೋಡುತ್ತಿದ್ದ ಅನಸೂಬಾಯಿಗಂತೂ ಮಗನನ್ನು ನೋಡಿ ಹೆಮ್ಮೆ. "ಈ ಆಟ ಮಾಡಿದವ್ನು ಬಡವರ ಮನೀ ಹುಡುಗನೇ ಇರಬೇಕು ನೋಡು," ಎನ್ನುವಳು.

ಆಗಲೇ ಅವಳಿಗೆ ಕೆಮ್ಮು ಹತ್ತಿತ್ತು. ಖಣಿಯ ಊರಿನಿಂದ ತಂದ ಧೂಳಿನ ಕೆಮ್ಮು ಎಂದು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಕಫದಲ್ಲಿ ರಕ್ತ ಕಂಡಾಗ ಸಂಘಪಾಲ ಎದೆ ಒಡೆದುಕೊಂಡು ಅವಳನ್ನು ದವಾಖಾನೆಗೆ ಒಯ್ದ. ಕ್ಷಯ ಎಂದರು. ತಿಂಗಳಿಗಾಗುವಷ್ಟು ಗುಳಿಗೆ ಪುಕ್ಕಟೆ ಕೊಟ್ಟರು, ಮುಗಿದಂತೆ ಬಂದು ಒಯ್ಯಿರಿ ಎಂದರು. "ಕೆಮ್ಮ ನಿಂತ್ರೂ ಗುಳಿಗಿ ನಿಲ್ಲಸಬ್ಯಾಡ್ರಿ. ಪೂರಾ ಮುಗಿಸ್ರಿ, ಗುಣಾ ಆಗ್ತದ," ಎಂದು ಇಬ್ಬರಿಗೂ ಒತ್ತಿ ಹೇಳಿದರು. ಇಬ್ಬರೂ ಗೋಣು ಹಾಕಿದರು. ಇದರಲ್ಲಿ ದವಾಖಾನೆಯವರ ತಪ್ಪು ಎಳ್ಳಷ್ಟೂ ಇಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು.

ಎರಡು ತಿಂಗಳಲ್ಲಿ ಕೆಮ್ಮು ನಿಂತಿತು. ಗಲ್ಲ ತುಂಬಿಕೊಂಡಿತು, ಊಟ ಸೇರಿತು, ಮತ್ತೆ ಶೇಂಗಾದ ಬುಟ್ಟಿ ಹೊತ್ತಳು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಆಟ ನಡೆದಿದ್ದಾಗ ಮಗನನ್ನು ಒಳಗೆ ಕರೆದು, ಒಂದು ಹಾರ್ಲಿಕ್ಸ್ ಬಾಟಲಿ ತೋರಿಸಿದಳು. ಅದರಲ್ಲಿ ಅರ್ಧದಷ್ಟು ಗುಳಿಗೆಗಳಿದ್ದವು.

"ಇದೇನವ್ವ?"

"ಮೈಯಾಗ ಆರಾಮ ಇದ್ದಾಗ ಯಾಕ ನುಂಗಿ ದಂಡ ಮಾಡ್ಲಿ? ಒಂದಿನ ನುಂಗ್ತೀನಿ, ಎರಡ್ದಿನ ಬಿಡ್ತೀನಿ. ಮತ್ತ ಕೆಮ್ಮ ಬಂದ್ರ ಆವಾಗ ಬೇಕಾಗ್ತಾವಲ್ಲ. ಸರಕಾರದವ್ರು ಇವತ್ತ ಕೊಡ್ತಾರ, ನಾಳಿಗಿ ಇಲ್ಲಂದ್ರ ಯಾರಿಗಿ ಕೇಳ್ಲಿ?"

ಪೂರಾ ಮುಗಿಸಿರಿ ಎಂದದ್ದು ಸಂಘಪಾಲನಿಗೆ ನೆನಪಿರಲಿಲ್ಲವೆ? ಇತ್ತು. ಆದರೆ ಅವನ ಕಣ್ಣ ಮುಂದೆ ಇದ್ದದ್ದು ಬಂಗ್ಲೆಯೊಳಗಿನ ಪೆಟ್ಟಿಗೆ. ಅಷ್ಟು ತಿಂಗಳಿಂದ ಹಗಲೆಲ್ಲ ಜನಕ್ಕೆ ಬೈದು ಬೈದು ಕಲಿಸಿದ ಪಾಠವನ್ನು ಅವ್ವ ಯಾರೂ ಹೇಳದೆ ಮಾಡಿ ತೋರಿಸಿದ್ದಳು. "ಶಾಣ್ಯಾಕಿ ಇದ್ದಿ ಅವ್ವ," ಎಂದುಬಿಟ್ಟ. ಅಷ್ಟಕ್ಕೆ ಬಿಡಲಿಲ್ಲ, ಬಾಟಲಿಯನ್ನು ಶೆಡ್ಡಿಗೆ ತಂದು ಎತ್ತಿ ಹಿಡಿದು, "ಗುರುಲಿಂಗಯ್ಯಣ್ಣ, ನೋಡು, ನಮ್ಮವ್ವನ ಹತ್ರ ಟ್ಯೂಷನ್ನಿಗಿ ಬಾ," ಎಂದ. ಎಲ್ಲರೂ ನಕ್ಕರು. ಅನಸೂಬಾಯಿ ಸೆರಗು ಬಾಯಿಗಿಟ್ಟುಕೊಂಡು ನಾಚಿದಳು. ಹತ್ತನೇ ಇಯತ್ತೆ ಓದಿದವನ ಬುದ್ಧಿ! ಆ ಹೊತ್ತಿಗೆ ಅಲ್ಲಿ ಒಬ್ಬನಾದರೂ ಅವನ ಕಪಾಳಕ್ಕೆ ಬಾರಿಸಿದ್ದರೆ ಆ ತಾಯಿ ಉಳಿಯುತ್ತಿದ್ದಳು. ಬಾರಿಸುವವರು ಯಾರು, ಎಲ್ಲರೂ ಅದೇ ಮಣ್ಣಿನವರು.

ಅಂಗಡಿಯ ಬಂಗ್ಲೆ ಆಟ ಕೊನೆಗೆ ಬಂದು ನಿಂತದ್ದೂ ಅದೇ ಸುಮಾರಿಗೆ. ಮೇಲ್ಛಾವಣಿಯಲ್ಲಿ ದೊಡ್ಡ ರಾಕ್ಷಸ. ಆಡುವ ಪಾಳಿ ಸಂಘಪಾಲನದು, ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಕಿಸೆಯಲ್ಲಿ ತಪ್ಪಲು ತುಂಬಿತ್ತು, ಕೆಳಗೆ ಪೆಟ್ಟಿಗೆಯಲ್ಲಿ ಇನ್ನಷ್ಟಿತ್ತು. ಒಂದು ಏಟು ಬಿತ್ತು. "ತಪ್ಲ ತಿನ್ನೋ," ಎಂದರು ಜನ. "ತಡೀರಿ, ಇನ್ನಾ ಜೀವ ಅದ," ಎಂದ. ಇನ್ನೊಂದು ಏಟಿಗೆ ಜೀವ ಹೋಯಿತು. ಕಿಸೆಯ ತಪ್ಪಲು ಕಿಸೆಯಲ್ಲೇ ಉಳಿಯಿತು. ಜನ ಹೊಟ್ಟೆ ಹಿಡಿದು ನಕ್ಕರು, ಸಂಘಪಾಲನೂ ನಕ್ಕ. ಆಟವಾದ್ದರಿಂದ ಮರುದಿನ ಮತ್ತೆ ಅಲ್ಲಿಂದಲೇ ಆಡಿ ಗೆದ್ದರು.

ಶ್ರಾವಣದಲ್ಲಿ ಅವ್ವನ ಕೆಮ್ಮು ತಿರುಗಿ ಬಂತು. ಅನಸೂಬಾಯಿ ಗಾಬರಿಯಾಗಲಿಲ್ಲ. ಕೂಡಿಟ್ಟಿದ್ದೇ ಇದಕ್ಕಲ್ಲವೆ ಎಂದು ಬಾಟಲಿ ತೆಗೆದು ಎರಡೆರಡು ನುಂಗಿದಳು. ಕೆಮ್ಮು ಜಗ್ಗಲಿಲ್ಲ. ಬಾಟಲಿ ಮುಗಿಯಿತು, ಜ್ವರ ಏರಿತು, ತುಂಬಿದ್ದ ಗಲ್ಲ ಒಳಗೆ ಹೋಯಿತು. ಸಂಘಪಾಲ ಅಂಗಡಿ ಮುಚ್ಚಿ ಅವಳನ್ನು ಗುಲ್ಬರ್ಗದ ದೊಡ್ಡ ದವಾಖಾನೆಗೆ ಒಯ್ದ.

ಡಾಕ್ಟರ್ ಪದ್ಮಜಾ ಎಕ್ಸ್‌ರೇ ಬೆಳಕಿಗೆ ಹಿಡಿದು ಭಾಳ ಹೊತ್ತು ನೋಡಿದರು. "ಮೊದಲ ಕೊಟ್ಟ ಗುಳಿಗಿ ಹ್ಯಾಂಗ ತಗೊಂಡ್ರಿ ಅಮ್ಮಾ?" ಎಂದು ಕೇಳಿದರು. ಅನಸೂಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ದಂಡ ಮಾಡಿಲ್ಲ ಎನ್ನುವ ಅಭಿಮಾನದಿಂದಲೇ ಹೇಳಿದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಸಂಘಪಾಲನಿಗೆ ಹಗುರವಾಗುತ್ತಿತ್ತು. ಅವನನ್ನು ಹೊರಗೆ ಕರೆದರು.

"ನೋಡಪ್ಪಾ, ಗುಳಿಗಿ ಬಿದ್ದಾಗ ರೋಗ ಅರ್ಧಾ ಸತ್ತಿತ್ತು. ನಡುನಡುವ ಬಿಟ್ಟು ಅದಕ್ಕ ಉಸುರು ಕೊಟ್ರಿ. ಈಗ ಅದು ಆ ಗುಳಿಗೀಗಿ ಅಂಜಂಗಿಲ್ಲ. ಬ್ಯಾರೆ ಗುಳಿಗಿ ಕೊಡ್ತೀನಿ, ಸೂಜೀನೂ ಅದ. ಕಷ್ಟ ಅದ, ಆದ್ರ ಒಂದೂ ಬಿಡದಂಗ ತಗೊಂಡ್ರ ಉಳೀಬಹುದು. ನೀನೇ ಎದುರು ನಿಂತು ನುಂಗಸಬೇಕು."

"ನಾನೇ ಶಾಣ್ಯಾಕಿ ಅಂದಿನ್ರಿ ಆಕೀಗಿ," ಎಂದ ಸಂಘಪಾಲ. ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅವನು ಅಲ್ಲೇ ಗೋಡೆಗೆ ಹಣೆ ಹಚ್ಚಿ ನಿಂತು ಅತ್ತ.

ವಾಡಿಗೆ ಬಂದವನು ಬೇರೆಯೇ ಮನುಷ್ಯನಾಗಿದ್ದ. ಕಾಯಿದೆ ತಿರುವುಮುರುವಾಯಿತು. ಆಟದ ಎರಡನೆಯದು, ಮೂರನೆಯದು ಅಷ್ಟರಲ್ಲಿ ಬಂದಿದ್ದವು. ಬಂಗ್ಲೆ ಹೋಗಿ ಇಡೀ ಊರೇ ಸತ್ತವರ ಊರಾಗಿತ್ತು, ಮೂರನೆಯದರಲ್ಲಿ ರಾಕ್ಷಸನೊಬ್ಬ ಬಾಗಿಲು ದಾಟಿದರೂ ಬೆನ್ನು ಬಿಡುತ್ತಿರಲಿಲ್ಲ. "ಹೊಡೀರಿ, ಇದ್ದದ್ದು ಖರ್ಚ ಮಾಡ್ರಿ, ಗಾಯ ಆದ್ರ ಅಲ್ಲೇ ತಪ್ಲ ತಿನ್ರಿ," ಎಂದು ಸಂಘಪಾಲ ಜನದ ಮೇಲೆ ಹರಿಹಾಯುತ್ತಿದ್ದ. ಗುರುಲಿಂಗಯ್ಯ ತಬ್ಬಿಬ್ಬಾಗಿ ಬಷೀರಾನ ಮುಖ ನೋಡಿದರೆ, ಬಷೀರಾ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ.

ಮುಂಜಾನೆ ನೀರಿನ ತಂಬಿಗೆ ಹಿಡಿದು ಅವ್ವನ ಎದುರು ನಿಲ್ಲುವನು. ಅವಳು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದ ಮೇಲೆ ಅಂಗಡಿ ತೆರೆಯುವನು. ಸೂಜಿಗೆ ತಾನೇ ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಹೋಗುವನು. ಇಷ್ಟಾದರೂ ಅವಳು ಇಳಿದುಹೋಗುತ್ತಲೇ ಇದ್ದಳು. ಸೂಜಿ ಚುಚ್ಚುವ ಜಾಗದಲ್ಲಿ ಮಾಂಸ ಉಳಿಯಲಿಲ್ಲ. ಸಂಘಪಾಲನಿಗೂ ಆ ಚಳಿಗಾಲದಲ್ಲಿ ಕೆಮ್ಮು ಬಂತು. ಹೆದರಿ ಕಫ ತೋರಿಸಿಕೊಂಡ. ಏನೂ ಇಲ್ಲ, ಸಿಮೆಂಟಿನ ಧೂಳು ಎಂದರು. ಅವ್ವನಿಗೂ ಹಾಗೆಯೇ ಹೇಳಿದ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಒಂದು ಮಧ್ಯಾಹ್ನ ಅವಳು ಕೂಗಿದಳು. ಅವನು ಬಂದು ಹಾಸಿಗೆಯ ಪಕ್ಕ ಕೂತ. ದಿಂಬಿನ ಕೆಳಗಿನಿಂದ ಅರಿವೆಯ ಗಂಟು ತೆಗೆದು ಅವನ ಕೈಗಿಟ್ಟಳು. ಬಿಚ್ಚಿದರೆ ಗುಳಿಗೆಗಳು, ಡಾಕ್ಟರ್ ಪದ್ಮಜಾ ಕೊಟ್ಟ ಹೊಸ ಗುಳಿಗೆಗಳು. ಕೆಲವು ಬಾಯಿಯ ಹಸಿಗೆ ಕರಗಿ ಒಂದಕ್ಕೊಂದು ಅಂಟಿದ್ದವು. ದಿನವೂ ಗಲ್ಲದ ಸಂದಿಯಲ್ಲಿ ಹಿಡಿದಿಟ್ಟು, ಮಗ ಬೆನ್ನು ತಿರುಗಿಸಿದ ಕೂಡಲೆ ತೆಗೆದು ಸೆರಗಿಗೆ ಒರೆಸಿ ಇಟ್ಟಿದ್ದಳು.



"ನಿನಗ ಇಟ್ಟೀನಿ," ಎಂದಳು. "ನಿನಗೂ ಕೆಮ್ಮ ಹತ್ಯಾದ. ನಂದೇನು, ಮುಗದದ. ನೀ ಇನ್ನಾ ಬಾಳೋ ಕೂಸು."

"ಅವ್ವ, ನಂದು ಬರೇ ಧೂಳಿನ ಕೆಮ್ಮ. ತೋರಿಸೀನಿ. ಏನೂ ಇಲ್ಲ ಅಂದಾರ."

"ನಿಮ್ಮಪ್ಪಗೂ ಬರೇ ಧೂಳು ಅಂದಿದ್ರು."

ಅವನು ಹಾಸಿಗೆಯ ಕಾಲ್ದೆಸೆಗೆ ಸರಿದ. ಅವಳ ಕಾಲು ಹಿಡಿದುಕೊಂಡ. "ನಿನಗ ಕೈ ಮುಗಿತೀನಿ ಅವ್ವ, ಇವತ್ತಿಂದಾದ್ರೂ ಸರಿಯಾಗಿ ನುಂಗು. ಇವು ನಿನ್ನ ಗುಳಿಗಿ. ನೀ ಹೋದ್ರ ನಾ ಇವು ತಗೊಂಡು ಏನ್ ಮಾಡ್ಲಿ?"

"ಮೊದಲ ನೀ ನುಂಗು," ಎಂದಳು ಅನಸೂಬಾಯಿ. "ನನ್ನ ಕಣ್ಣಮುಂದ ನುಂಗು. ಆಮ್ಯಾಲ ನಾ ನುಂಗ್ತೀನಿ."

ಎಷ್ಟು ಹೇಳಿದರೂ ಅವಳು ಆ ಮಾತು ಬಿಡಲಿಲ್ಲ. ಕೊನೆಗೆ ರೋಗವಿಲ್ಲದ ಮಗ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಅವಳು ಎದ್ದು ಕೂರಲು ಒದ್ದಾಡಿದಳು. ಅವನು ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದ. ಅವನ ಗದ್ದ ಹಿಡಿದು ಬಾಯಿ ತೆರೆಸಿದಳು, ನಾಲಿಗೆ ಎತ್ತಿಸಿ ನೋಡಿದಳು, ಗಲ್ಲದ ಎರಡೂ ಸಂದಿಯಲ್ಲಿ ಬೆರಳು ಆಡಿಸಿ ನೋಡಿದಳು. ಖರೇನೇ ನುಂಗಿದ್ದಾನೆ ಎಂದು ಖಾತ್ರಿಯಾದ ಮೇಲೆ ಅವಳ ಮುಖದ ಮೇಲೆ, ಎಷ್ಟೋ ತಿಂಗಳ ಮೇಲೆ, ನೆಮ್ಮದಿ ಬಂತು.

"ಈಗ ನೀ ತಗೋ," ಎಂದು ಅವನು ಇನ್ನೊಂದು ಗುಳಿಗೆ ಹಿಡಿದ.

"ಭಾಳ ದಣಿವಾಗ್ಯಾದ ಮಗಾ. ಜರಾ ಕಣ್ಣ ಮುಚ್ಚತೀನಿ, ಎದ್ದ ಮ್ಯಾಲ ಕೊಡು," ಎಂದು ಅವಳು ಮಲಗಿದಳು.

ದಣಿದವಳನ್ನು ಯಾಕೆ ಎಬ್ಬಿಸಲಿ ಎಂದು ಅವನು ಗುಳಿಗೆ ಹಿಡಿದುಕೊಂಡೇ ಕಾದು ಕೂತ. ಸಂಜೆ ಬಷೀರಾ ಅಂಗಡಿ ಯಾಕೆ ತೆರೆದಿಲ್ಲವೆಂದು ನೋಡಲು ಬಂದ. ಅನಸೂಬಾಯಿಯ ಮುಖ ನೋಡಿದ, ಮೂಗಿನ ಹತ್ತಿರ ಕೈ ಹಿಡಿದ, ಆಮೇಲೆ ದೋಸ್ತನ ಪಕ್ಕ ಕೂತು, ಗುಳಿಗೆ ಹಿಡಿದಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.